ಕೂದಲೆಳೆಯ ಗಂಟು

ಮೀನು ಕೈತಪ್ಪಿತು ಎಂದರೆ ದಾರದ ತುದಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ತುದಿ ಹೀರೆಬಳ್ಳಿಯ ಕುಡಿಯ ಹಾಗೆ ಸುರುಳಿ ಸುತ್ತಿಕೊಂಡಿದ್ದರೆ ದಾರ ಕಡಿದಿಲ್ಲ, ಗಂಟು ಜಾರಿ ಬಿಚ್ಚಿಕೊಂಡಿದೆ. ತರಚಿ ಒರಟಾಗಿದ್ದರೆ ನೀರೊಳಗಿನ ಬಂಡೆಗೋ ಮೀನಿನ ಹಲ್ಲಿಗೋ ಉಜ್ಜಿದೆ. ಕಟ್ಟಿದ ಗಂಟಿನಿಂದ ದೂರದಲ್ಲಿ, ದಾರದ ನಡುವೆ ಎಲ್ಲೋ ತುಂಡಾಗಿದ್ದರೆ ಅಲ್ಲಿ ಯಾರೂ ಕಟ್ಟದ ಇನ್ನೊಂದು ಗಂಟು ಬಿದ್ದಿತ್ತೇನೋ ಎಂದು ಅನುಮಾನಿಸಬೇಕು. "ಭಾರಿ ಮೀನು, ದಾರ ತಡೀಲಿಲ್ಲ" ಎಂಬ ಮಾತು ಎಲ್ಲ ಹೊಳೆದಂಡೆಗಳಲ್ಲೂ ಕೇಳಿಬರುತ್ತದೆ. ಸುರುಳಿಗಟ್ಟಿದ ತುದಿ ಆ ಮಾತಿಗೆ ಸಾಕ್ಷಿ ಹೇಳುವುದಿಲ್ಲ.

ಗಾಳ ಹಾಕುವ ನಾನಾ ಬಗೆಗಳಲ್ಲಿ ಗಂಟಿನ ಮೇಲೆ ಅತಿ ಹೆಚ್ಚು ಭಾರ ಹೊರಿಸುವುದು ಫ್ಲೈ ಫಿಶಿಂಗ್. ಅದಕ್ಕೆ ಕಾರಣವಿದೆ. ಎರೆಹುಳು ಸಿಕ್ಕಿಸಿ, ಸೀಸದ ಗುಂಡು ಕಟ್ಟಿ ಎಸೆಯುವ ಮಾಮೂಲಿ ಗಾಳದಲ್ಲಿ ತೂಕ ಇರುವುದು ತುದಿಯಲ್ಲಿ. ಗುಂಡು ಹಾರುತ್ತದೆ, ದಾರ ಅದರ ಬೆನ್ನಿಗೆ ಓಡುತ್ತದೆ. ಫ್ಲೈ ಎಂಬುದು ಕೊಕ್ಕೆಗೆ ಗರಿ, ತುಪ್ಪಳ, ರೇಷ್ಮೆನೂಲು ಸುತ್ತಿ ಮಾಡಿದ ಹುಳುವಿನ ಆಕೃತಿ. ಅಂಗೈ ಮೇಲಿಟ್ಟು ಊದಿದರೆ ಹಾರಿಹೋಗುವಷ್ಟು ಹಗುರ. ಅದನ್ನು ಎಸೆಯಲು ಬರುವುದಿಲ್ಲ. ಹಾಗಾಗಿ ತೂಕವನ್ನು ದಾರಕ್ಕೇ ಕೊಡುತ್ತಾರೆ. ಹೆಣೆದ ಎಳೆಯ ಮೇಲೆ ಪ್ಲಾಸ್ಟಿಕ್ ಲೇಪ ಕೊಟ್ಟ ಈ ದಪ್ಪ ಲೈನಿಗೆ ತೂಕದ ಪ್ರಕಾರ ನಂಬರುಗಳಿವೆ. ಟ್ರೌಟ್ ಮೀನಿಗೆ ಹೆಚ್ಚಾಗಿ ಬಳಸುವ ಐದನೇ ನಂಬರಿನ ಲೈನಿನಲ್ಲಿ ಮೊದಲ 30 ಅಡಿ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ ತೂಗುತ್ತದೆ. ಕೋಲು ಬೀಸಿದಾಗ ಆ 9 ಗ್ರಾಂ ಗಾಳಿಯಲ್ಲಿ ಮಡಚಿಕೊಂಡು, ಸುತ್ತಿಟ್ಟ ಚಾಪೆ ಬಿಚ್ಚಿದಂತೆ ಮುಂದಕ್ಕೆ ಬಿಚ್ಚಿಕೊಳ್ಳುತ್ತದೆ. ಆ ರಭಸ ದಪ್ಪ ಲೈನಿನಿಂದ ತೆಳು ದಾರಕ್ಕೆ, ತೆಳು ದಾರದಿಂದ ಇನ್ನೂ ತೆಳು ದಾರಕ್ಕೆ ದಾಟುತ್ತಾ ಹೋಗಿ ಕೊನೆಗೆ ಹುಳುವನ್ನು ಸದ್ದಿಲ್ಲದೆ ನೀರಿನ ಮೇಲೆ ಇಳಿಸಬೇಕು.

ದಾಟುವುದು ಎಂದ ಮೇಲೆ ಕೂಡು ಇರಲೇಬೇಕು. ರೀಲಿನ ತಿರುಳಿಗೆ ಬ್ಯಾಕಿಂಗ್ ಎಂಬ ಗಟ್ಟಿ ನೂಲು, ಅದಕ್ಕೆ ಲೈನು, ಲೈನಿಗೆ ಸುಮಾರು 9 ಅಡಿಯ ಲೀಡರ್, ಲೀಡರಿಗೆ ಟಿಪ್ಪೆಟ್ ಎಂಬ ಕೊನೆಯ ಎಳೆ, ಟಿಪ್ಪೆಟ್ಟಿಗೆ ಫ್ಲೈ. ಒಟ್ಟು ಐದು ಕೂಡುಗಳು. ಲೀಡರಿನ ಬುಡ ಅರ್ಧ ಮಿಲಿಮೀಟರ್ ದಪ್ಪವಿದ್ದರೆ ಟಿಪ್ಪೆಟ್ 0.15 ಮಿಲಿಮೀಟರ್ ಇರುತ್ತದೆ. ಇವುಗಳಲ್ಲಿ ಒಂದು ಕೂಡು ಉಬ್ಬಿದರೂ ಕೋಲಿನ ಉಂಗುರಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಬೀಸುವಾಗ ರಭಸ ಅಲ್ಲಿಯೇ ಮುಗ್ಗರಿಸಿ, ದಾರ ಬಾಗಿಲ ಕೀಲಿನಂತೆ ಮಡಚಿ ಬೀಳುತ್ತದೆ. ಹಾಗಂತ ನುಣುಪಾಗಿರಲಿ ಎಂದು ಸುತ್ತು ಕಡಿಮೆ ಮಾಡಿದರೆ ಗಂಟು ಜಾರುತ್ತದೆ. ನುಣುಪೂ ಇರಬೇಕು, ಹಿಡಿತವೂ ಇರಬೇಕು. ಐದು ಶತಮಾನಗಳಿಂದ ಗಾಳ ಹಾಕುವವರು ಕೈಬೆರಳಲ್ಲಿ ಬಿಡಿಸುತ್ತಾ ಬಂದಿರುವ ಲೆಕ್ಕ ಇದು.

ಶತಮಾನಗಳ ಮಾತು ಅಲಂಕಾರಕ್ಕೆ ಬಂದದ್ದಲ್ಲ. 1496ರಲ್ಲಿ ಇಂಗ್ಲೆಂಡಿನಲ್ಲಿ ವಿಂಕಿನ್ ಡಿ ವರ್ಡ್ ಎಂಬ ಮುದ್ರಕ ಅಚ್ಚು ಹಾಕಿದ ಗಾಳದ ಕೈಪಿಡಿಯಲ್ಲಿ ಕುದುರೆ ಬಾಲದ ಕೂದಲನ್ನು ಹೊಸೆದು ದಾರ ಮಾಡುವ ವಿಧಾನವಿದೆ. ಯಾವ ಮೀನಿಗೆ ಎಷ್ಟು ಕೂದಲು ಎಂಬ ಲೆಕ್ಕವೂ ಇದೆ: ಟ್ರೌಟಿಗೆ ಒಂಬತ್ತು, ದೊಡ್ಡ ಟ್ರೌಟಿಗೆ ಹನ್ನೆರಡು, ಸಾಮನ್ನಿಗೆ ಹದಿನೈದು. ಹೊಸೆದ ತುಂಡುಗಳನ್ನು 'ವಾಟರ್ ನಾಟ್' ಹಾಕಿ ಕೂಡಿಸಬೇಕು ಎಂಬ ಸೂಚನೆಯೂ ಅಲ್ಲೇ ಸಿಗುತ್ತದೆ. ಹೆಸರು ಇವತ್ತಿಗೂ ಬಳಕೆಯಲ್ಲಿದೆ. ಬ್ರಿಟನ್ನಿನ ನದಿಗಳಲ್ಲಿ ಲೀಡರಿಗೆ ಟಿಪ್ಪೆಟ್ ಕಟ್ಟುವವರು ಸರ್ಜನ್ಸ್ ನಾಟ್ ಎಂಬ ಗಂಟನ್ನು ವಾಟರ್ ನಾಟ್ ಎಂದೇ ಕರೆಯುತ್ತಾರೆ.

ಐಸಾಕ್ ವಾಲ್ಟನ್ ಬರೆದ 'ದಿ ಕಂಪ್ಲೀಟ್ ಆಂಗ್ಲರ್' 1653ರಲ್ಲಿ ಬಂತು. ಅದರ 1676ರ ಆವೃತ್ತಿಗೆ ಫ್ಲೈ ಗಾಳದ ಭಾಗವನ್ನು ಬರೆದುಕೊಟ್ಟವರು ವಾಲ್ಟನ್ನರ ಕಿರಿಯ ಗೆಳೆಯ ಚಾರ್ಲ್ಸ್ ಕಾಟನ್. ಡವ್ ನದಿಯ ತಿಳಿನೀರಿನಲ್ಲಿ ಪಳಗಿದ ಕಾಟನ್ನರಿಗೆ ಒಂಬತ್ತು ಕೂದಲು ತೀರಾ ದಪ್ಪ ಎನಿಸಿತ್ತು. ಗಿಡಗಂಟಿ, ಜೊಂಡು ಇಲ್ಲದ ನೀರಿನಲ್ಲಿ ಇಪ್ಪತ್ತು ಅಂಗುಲದ ಟ್ರೌಟನ್ನು ದಡಕ್ಕೆ ತರಲು ಕೊಕ್ಕೆಯ ಬಳಿ ಎರಡೇ ಕೂದಲು ಸಾಕು ಎಂಬುದು ಅವರ ವಾದ. ಎರಡು ಕೂದಲಿನ ಮೇಲೆ ಅರ್ಧ ಮೀಟರಿನ ಮೀನು! ಆ ಕಾಲದ ಗಂಟುಗಳು ಎಷ್ಟು ಅಚ್ಚುಕಟ್ಟಾಗಿ ಇದ್ದಿರಬೇಕು ಎಂಬುದನ್ನು ಅಂದಾಜು ಮಾಡಲು ಇದೊಂದು ಮಾತು ಸಾಕು.

ಕೂದಲಿನ ಜಾಗಕ್ಕೆ ಬಂದದ್ದು ರೇಷ್ಮೆಹುಳು. ನೂಲಾಗಿ ಬಂದದ್ದಲ್ಲ, ಹುಳುವಿನ ಹೊಟ್ಟೆಯಿಂದಲೇ ಎಳೆಯಾಗಿ ಬಂದದ್ದು. ರಾಮನಗರದ ಕಡೆ ರೇಷ್ಮೆ ಸಾಕುವವರು ಹುಳು ಹಣ್ಣಾದ ಕೂಡಲೇ ಆರಿಸಿ ಗೂಡು ಕಟ್ಟಲೆಂದು ಚಂದ್ರಿಕೆಗೆ ಬಿಡುತ್ತಾರಲ್ಲ, ಸ್ಪೇನಿನ ಮುರ್ಸಿಯಾ ಪ್ರಾಂತ್ಯದವರು ಸರಿಯಾಗಿ ಅದೇ ಹಂತದ ಹುಳುವನ್ನು ವಿನೆಗರಿನಲ್ಲಿ ಅದ್ದಿಡುತ್ತಿದ್ದರು. ಆಮೇಲೆ ಹುಳುವನ್ನು ಸೀಳಿ, ಒಳಗಿನ ಎರಡು ರೇಷ್ಮೆ ಗ್ರಂಥಿಗಳನ್ನು ತೆಗೆದು, ಎರಡೂ ತುದಿ ಹಿಡಿದು ಉದ್ದಕ್ಕೆ ಎಳೆದರೆ ಗಾಳಿಗೆ ಗಟ್ಟಿಯಾಗುವ ಪಾರದರ್ಶಕ ಎಳೆ. ಗೂಡು ಕಟ್ಟುವಾಗ ನೂರಾರು ಮೀಟರ್ ನೂಲಾಗಬೇಕಾಗಿದ್ದ ದ್ರವ ಒಂದು ಒಂದೂವರೆ ಅಡಿಯ ಎರಡು ತಂತಿಗಳಾಗಿ ಮುಗಿಯುತ್ತಿತ್ತು. ಇದೇ ಗಟ್. ಹತ್ತೊಂಬತ್ತನೇ ಶತಮಾನವಿಡೀ, ಎರಡನೇ ಮಹಾಯುದ್ಧದವರೆಗೂ ಯುರೋಪ್, ಅಮೆರಿಕದ ಫ್ಲೈ ಗಾಳಗಳು ನಿಂತದ್ದು ಇದರ ಮೇಲೆ.

ಎಳೆ ಗಿಡ್ಡವಾದ್ದರಿಂದ ಗಂಟುಗಳು ಹೆಚ್ಚಾದವು. ಒಂಬತ್ತು ಅಡಿಯ ಲೀಡರಿಗೆ ಏಳೆಂಟು ತುಂಡು ಬೇಕು, ಪ್ರತಿ ಕೂಡಿಗೂ ಒಂದು ಗಂಟು. ಇಷ್ಟೊಂದು ಗಂಟುಗಳು ನೀರಿನಲ್ಲಿ ಮೀನಿಗೆ ಕಾಣದಷ್ಟು ಸಣ್ಣಗಿರಬೇಕು ಎಂಬ ಒತ್ತಡದಿಂದಲೇ ಬ್ಲಡ್ ನಾಟ್ ಎಂಬ ಪುಟ್ಟ ಗಂಟು ಗಾಳದ ಪೆಟ್ಟಿಗೆಗೆ ಬಂದು ಕೂತಿತು. ಒಣ ಗಟ್ಟಿನದು ಇನ್ನೊಂದು ಸಂಕಟ. ಅದು ಕಡ್ಡಿಯಂತೆ ಲಟ್ಟನೆ ಮುರಿಯುತ್ತಿತ್ತು. ಹೂಮಾರುವವರು ಬಾಳೆನಾರನ್ನು ನೀರಲ್ಲಿ ನೆನೆಸಿಕೊಂಡೇ ಮಾಲೆ ಕಟ್ಟಲು ಕೂರುವಂತೆ, ಗಟ್ ಬಳಸುವವರು ಒದ್ದೆ ಬಟ್ಟೆ ಹಾಸಿದ ಚಪ್ಪಟೆ ಡಬ್ಬಿಯಲ್ಲಿ ಅದನ್ನು ನೆನೆಸಿಟ್ಟುಕೊಂಡೇ ಹೊಳೆಗೆ ಹೋಗುತ್ತಿದ್ದರು. ಇನ್ನೂ ತೆಳುವಾದ ಎಳೆ ಬೇಕಾದರೆ ಗಟ್ಟನ್ನು ಲೋಹದ ತಗಡಿನ ಸಣ್ಣ ತೂತಿನಲ್ಲಿ ಎಳೆಯುವುದು. ಎಷ್ಟು ಬಾರಿ ಎಳೆದರೆ ಅಷ್ಟು 'ಎಕ್ಸ್'. ಇವತ್ತಿನ ಟಿಪ್ಪೆಟ್ ಸುರುಳಿಯ ಮೇಲೆ 5ಎಕ್ಸ್, 6ಎಕ್ಸ್ ಎಂದು ಅಚ್ಚಾಗಿರುವುದು ಆ ತಗಡಿನ ನೆನಪು. ಲೆಕ್ಕವೂ ಸುಲಭ: ಹನ್ನೊಂದರಿಂದ ಎಕ್ಸ್ ಕಳೆದರೆ ಅಂಗುಲದ ಸಾವಿರದ ಭಾಗದಲ್ಲಿ ದಪ್ಪ ಸಿಗುತ್ತದೆ. 5ಎಕ್ಸ್ ಎಂದರೆ 0.006 ಅಂಗುಲ.

ಗಟ್ಟಿನ ಕಾಲದ ಬಹುಭಾಗ ಫ್ಲೈ ತುದಿಯಲ್ಲಿ ಗಂಟು ಹಾಕುವ ಪ್ರಶ್ನೆಯೇ ಇರಲಿಲ್ಲ. ಕೊಕ್ಕೆಗೆ ಕಣ್ಣು ಇರಲಿಲ್ಲ. ಗಟ್ಟಿನ ತುಂಡನ್ನು ಕೊಕ್ಕೆಯ ಕಡ್ಡಿಗೇ ನೂಲಿನಿಂದ ಬಿಗಿದು, ಅದರ ಮೇಲೆ ಗರಿ ಸುತ್ತುತ್ತಿದ್ದರು. ಗಟ್ ಸವೆದರೆ ಫ್ಲೈ ಕೂಡ ಹೋಯಿತು. 1870ರ ದಶಕದ ಕೊನೆಯಲ್ಲಿ ಸಣ್ಣ ಕಣ್ಣುಳ್ಳ ನಾಜೂಕಾದ ಕೊಕ್ಕೆಯನ್ನು ರೂಪಿಸಿದವರಲ್ಲಿ ಒಬ್ಬರು ಎಚ್.ಎಸ್. ಹಾಲ್, ಕ್ಲಿಫ್ಟನ್ ಕಾಲೇಜಿನ ಗಣಿತದ ಮೇಷ್ಟ್ರು. ನಮ್ಮ ಹಿಂದಿನ ತಲೆಮಾರಿನ ಇಂಟರ್‌ಮೀಡಿಯೆಟ್ ವಿದ್ಯಾರ್ಥಿಗಳನ್ನು ರಾತ್ರಿಯೆಲ್ಲ ಕೂರಿಸಿದ 'ಹಾಲ್ ಅಂಡ್ ನೈಟ್' ಬೀಜಗಣಿತದ ಅದೇ ಹಾಲ್! 1886ರಲ್ಲಿ ಫ್ರೆಡ್ರಿಕ್ ಹಾಲ್‌ಫೋರ್ಡ್ ತೇಲುವ ಫ್ಲೈಗಳ ಬಗ್ಗೆ ತಮ್ಮ ಮೊದಲ ಪುಸ್ತಕ ತಂದರು. ಕಣ್ಣಿನ ಕೊಕ್ಕೆ ಮನೆಮಾತಾಯಿತು. ಹ್ಯಾಂಪ್‌ಶೈರಿನ ಟೆಸ್ಟ್ ನದಿಯ ಆಸುಪಾಸಿನಲ್ಲಿ ಕೊಕ್ಕೆಯ ಕುತ್ತಿಗೆಯನ್ನೇ ಸುತ್ತಿ ಹಿಡಿಯುವ ಗಂಟೊಂದು ಮೇಜರ್ ಟರ್ಲ್ ಎಂಬುವವರ ಹೆಸರು ಹೊತ್ತು ಚಾಲ್ತಿಗೆ ಬಂತು. ಟರ್ಲ್ ನಾಟ್ ಈಗಲೂ ಬಳಕೆಯಲ್ಲಿದೆ.

1938ರಲ್ಲಿ ಡ್ಯುಪಾಂಟ್ ಕಂಪನಿ ನೈಲಾನ್ ಪ್ರಕಟಿಸಿತು. ಯುದ್ಧ ಮುಗಿದ ಮೇಲೆ ಗಟ್ ಮೂಲೆ ಸೇರಿತು. ನೆನೆಸುವ ಕೆಲಸ ಇಲ್ಲ, ಎಷ್ಟು ಉದ್ದ ಬೇಕೋ ಅಷ್ಟು ಉದ್ದ. ಬುಡದಿಂದ ತುದಿಯವರೆಗೆ ತಾನಾಗಿ ತೆಳುವಾಗುತ್ತಾ ಹೋಗುವ, ಗಂಟೇ ಇಲ್ಲದ ಲೀಡರ್ ಕೂಡ ಮುಂದೆ ಕಾರ್ಖಾನೆಯಿಂದಲೇ ಬರತೊಡಗಿತು. ಆದರೆ ನೈಲಾನಿನ ಮೈ ಗಾಜಿನಂತೆ ನುಣುಪು. ಗಟ್ಟಿನಲ್ಲಿ ನಿಂತ ಗಂಟುಗಳು ನೈಲಾನಿನಲ್ಲಿ ಜಾರಿದವು. ಸುತ್ತುಗಳನ್ನು ಹೆಚ್ಚಿಸಬೇಕಾಯಿತು, ತುದಿಯನ್ನು ಇನ್ನೊಮ್ಮೆ ತೂರಿಸಬೇಕಾಯಿತು. ಹಳೆಯ ಗಂಟಿನ ಪುಸ್ತಕಗಳನ್ನೆಲ್ಲ ಹೊಸದಾಗಿ ಬರೆಯಬೇಕಾಯಿತು.

ಗಂಟು ಏಕೆ ಸೋಲುತ್ತದೆ? ಎಳೆದಾಗ ಅದರೊಳಗಿನ ಎಳೆ ಒಂದು ಕೂದಲಿನಷ್ಟು ಜಾರುತ್ತದೆ. ಜಾರಿದಾಗ ಉಜ್ಜುತ್ತದೆ, ಉಜ್ಜಿದಾಗ ಬಿಸಿಯಾಗುತ್ತದೆ, ಬಿಸಿಗೆ ನೈಲಾನ್ ಮೆತ್ತಗಾಗಿ ಪಕ್ಕದ ಸುತ್ತೇ ಅದನ್ನು ಕೊಯ್ಯುತ್ತದೆ. 2018ರಲ್ಲಿ 93ನೇ ವಯಸ್ಸಿನಲ್ಲಿ ತೀರಿಕೊಂಡ ಅಮೆರಿಕದ ಲೆಫ್ಟಿ ಕ್ರೇ ಈ ವಿದ್ಯೆಯ ದೊಡ್ಡ ಗುರು. 1972ರಲ್ಲಿ ಮಾರ್ಕ್ ಸೋಸಿನ್ ಜೊತೆ ಸೇರಿ ಅವರು ಗಂಟುಗಳ ಬಗ್ಗೆಯೇ ಒಂದು ಪುಸ್ತಕ ಬರೆದರು. ಜಾರಲು ಶುರುವಾಗುವವರೆಗೆ ಗಂಟು ಮುರಿಯುವುದಿಲ್ಲ ಎಂಬುದು ಅವರು ಜೀವಮಾನವಿಡೀ ಕಲಿಸಿದ ಪಾಠ. ಬಿಗಿಯುವ ಹೊತ್ತಿನಲ್ಲಿ ಮಾಡುವ ಅವಸರವೇ ಮೀನು ಎಳೆಯುವ ಹೊತ್ತಿನಲ್ಲಿ ಕೈಕೊಡುತ್ತದೆ.

ಬ್ಲಡ್ ನಾಟನ್ನೇ ಹತ್ತಿರದಿಂದ ನೋಡಬಹುದು. ಎರಡು ನೈಲಾನ್ ಎಳೆಗಳ ತುದಿಗಳನ್ನು ಎದುರುಬದುರಾಗಿ ಒಂದರ ಮೇಲೊಂದು ಆರು ಅಂಗುಲದಷ್ಟು ಹಾಯಿಸಿ, ಅಡ್ಡ ಬಂದ ಜಾಗವನ್ನು ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ಹಿಡಿಯಬೇಕು. ಒಂದು ತುದಿಯನ್ನು ಇನ್ನೊಂದು ಎಳೆಯ ಮೇಲೆ ಐದು ಸುತ್ತು ಸುತ್ತಿ, ಹಿಂದಕ್ಕೆ ತಂದು, ಎರಡೂ ಎಳೆಗಳು ಕೂಡುವ ಸಂದಿಯಲ್ಲಿ ತೂರಿಸಬೇಕು. ಇನ್ನೊಂದು ತುದಿಗೂ ಆಚೆಬದಿಯಲ್ಲಿ ಐದು ಸುತ್ತು. ಅದನ್ನು ಅದೇ ಸಂದಿಯಲ್ಲಿ, ಆದರೆ ಎದುರು ದಿಕ್ಕಿನಿಂದ ತೂರಿಸಬೇಕು. ಇಷ್ಟಾದಾಗ ಕೈಯಲ್ಲಿರುವುದು ಸಡಿಲವಾದ, ನೋಡಲು ಸಿಕ್ಕಿನಂತಿರುವ ಒಂದು ವಸ್ತು. ಹೊಸಬರು ಧೈರ್ಯಗೆಡುವುದು ಇಲ್ಲೇ. ಈಗ ಅದನ್ನು ಬಾಯಿಗಿಟ್ಟು ಎಂಜಲಿನಲ್ಲಿ ಚೆನ್ನಾಗಿ ತೋಯಿಸಿ, ಎರಡೂ ಉದ್ದ ಎಳೆಗಳನ್ನು ಸಮವಾಗಿ, ತಡೆಯದೆ, ಜಗ್ಗದೆ ಎಳೆಯುತ್ತಾ ಹೋಗಬೇಕು. ಸುತ್ತುಗಳು ಒಂದೊಂದಾಗಿ ಸಾಲಿಗೆ ಬಂದು ಕೂರುತ್ತವೆ. ಸಿಕ್ಕು ಹೋಗಿ ಪುಟ್ಟ ಪೀಪಾಯಿಯಂಥ ಗಂಟು ಮೂಡುತ್ತದೆ. ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿದ್ದರೆ, ಒಣಗಿದ್ದಾಗ ಎಳೆದು ಕಿರ್ರೆಂದಿದ್ದರೆ ಕತ್ತರಿಸಿ ಮತ್ತೆ ಕಟ್ಟುವುದೇ ಸರಿ. ನೋಡಲು ಕೆಟ್ಟದಾಗಿರುವ ಗಂಟು ಹಿಡಿಯುವುದೂ ಕೆಟ್ಟದಾಗಿಯೇ.

ಎರಡು ಎಳೆಗಳ ದಪ್ಪ ಹೆಚ್ಚುಕಡಿಮೆ ಒಂದೇ ಇದ್ದರೆ ಬ್ಲಡ್ ನಾಟಿಗೆ ಸಾಟಿಯಿಲ್ಲ, ಎರಡೂ ಬದಿ ನೇರ ನಿಲ್ಲುತ್ತದೆ. ದಪ್ಪದಲ್ಲಿ ವ್ಯತ್ಯಾಸ ಹೆಚ್ಚಿದ್ದರೆ, ಬೆರಳು ಮರಗಟ್ಟುವ ಚಳಿ ಇದ್ದರೆ, ಸಂಜೆಗತ್ತಲಾಗಿದ್ದರೆ ಸರ್ಜನ್ಸ್ ನಾಟ್. ಎರಡು ಎಳೆಗಳನ್ನು ಜೋಡಿಸಿ ಹಿಡಿದು, ಒಂದು ಕುಣಿಕೆ ಮಾಡಿ, ಅದರೊಳಗೆ ಎರಡನ್ನೂ ಒಟ್ಟಿಗೆ ಎರಡು ಇಲ್ಲವೇ ಮೂರು ಬಾರಿ ತೂರಿಸಿ ಎಳೆದರೆ ಮುಗಿಯಿತು. ಸ್ವಲ್ಪ ದಪ್ಪ, ಸ್ವಲ್ಪ ಸೊಟ್ಟ, ಆದರೆ ನಂಬಬಹುದು.

ಐದು ಕೂಡುಗಳಲ್ಲಿ ನುಣುಪಿನ ನಿಜವಾದ ಪರೀಕ್ಷೆ ನಡೆಯುವುದು ಲೈನು ಮತ್ತು ಲೀಡರ್ ಸೇರುವ ಜಾಗದಲ್ಲಿ. ಮೀನನ್ನು ಬಲೆಗೆ ಹತ್ತಿರ ಎಳೆದುಕೊಂಡಾಗ ಈ ಕೂಡು ಕೋಲಿನ ತುದಿಯ ಉಂಗುರದೊಳಗೆ ಬಂದುಬಿಡುತ್ತದೆ. ಅದೇ ಕ್ಷಣಕ್ಕೆ ಬಲೆ ಕಂಡ ಮೀನು ಕೊನೆಯ ಬಲ ಹಾಕಿ ಓಡುತ್ತದೆ. ಕೂಡು ಉಂಗುರಕ್ಕೆ ತಗುಲಿ ನಿಂತರೆ ಎರಡು ಕೆ.ಜಿ. ತಡೆಯುವ ಟಿಪ್ಪೆಟ್ ಅಲ್ಲೇ ಪಟ್ಟೆಂದಿತು. ಗಂಟಿನ ಬಲ ಎಷ್ಟೇ ಇರಲಿ, ಉಬ್ಬಿದ ಗಂಟು ಮೀನನ್ನು ಕಳೆಯುತ್ತದೆ.

ಇದಕ್ಕೆ ಕಳೆದ ಶತಮಾನದ ನಡುಭಾಗದಲ್ಲಿ ಸಿಕ್ಕ ಉತ್ತರ ನೇಲ್ ನಾಟ್. ಅಮೆರಿಕದ ಬರಹಗಾರ ಜೋ ಬ್ರೂಕ್ಸ್ ಅದನ್ನು ಜನಪ್ರಿಯಗೊಳಿಸಿದರು. ಲೈನಿನ ಪಕ್ಕಕ್ಕೆ ಒಂದು ಮೊಳೆ ಇಟ್ಟು, ಲೀಡರಿನ ಬುಡವನ್ನು ಲೈನು ಮತ್ತು ಮೊಳೆ ಎರಡರ ಮೇಲೂ ಐದಾರು ಸುತ್ತು ಸುತ್ತಿ, ಮೊಳೆ ಬಿಟ್ಟುಕೊಟ್ಟ ಸಂದಿಯಲ್ಲಿ ತುದಿಯನ್ನು ತೂರಿಸಿ, ಮೊಳೆ ತೆಗೆದು ಬಿಗಿಯುವುದು. ಮೊಳೆಯ ಬದಲು ತೆಳು ಕೊಳವೆ ಇದ್ದರೆ ಕೆಲಸ ಇನ್ನೂ ಸಲೀಸು. ನೈಲಾನಿನ ಸುತ್ತುಗಳು ಪ್ಲಾಸ್ಟಿಕ್ ಲೇಪದೊಳಗೆ ಕಚ್ಚಿ ಕೂರುತ್ತವೆ. ಇದಕ್ಕಿಂತ ಒಂದು ಹೆಜ್ಜೆ ಮುಂದಿನದು ನೀಡಲ್ ನಾಟ್. ಲೈನಿನ ತುದಿಯ ನಟ್ಟನಡುವೆ ಸೂಜಿ ಚುಚ್ಚಿ, ಕಾಲು ಅಂಗುಲ ಒಳಗೆ ಹಾಯಿಸಿ, ಪಕ್ಕದಿಂದ ಹೊರತೆಗೆಯುತ್ತಾರೆ. ಲೀಡರಿನ ಬುಡವನ್ನು ಬ್ಲೇಡಿನಿಂದ ಹೆರೆದು ಚೂಪು ಮಾಡಿ ಆ ತೂತಿನಲ್ಲಿ ತೂರಿಸಿ, ಹೊರಗೆ ಬಂದ ಮೇಲೆ ನೇಲ್ ನಾಟ್ ಹಾಕುತ್ತಾರೆ. ಈಗ ಲೀಡರ್ ಲೈನಿನ ಪಕ್ಕದಿಂದ ಹೊರಡದೆ ಹೊಟ್ಟೆಯೊಳಗಿನಿಂದಲೇ ನೇರ ಮುಂದಕ್ಕೆ ಬರುತ್ತದೆ. ಮೇಲೊಂದು ತೆಳು ಪದರ ಬಾಗುವ ಅಂಟು ಹಚ್ಚಿ ಒಣಗಿಸಿದರೆ, ಕಣ್ಣು ಮುಚ್ಚಿ ಬೆರಳಾಡಿಸಿದಾಗ ಗಂಟು ಎಲ್ಲಿ ಶುರು ಎಲ್ಲಿ ಮುಗಿಯಿತು ತಿಳಿಯುವುದಿಲ್ಲ. ಕೈಯಿಂದ ಕಟ್ಟುವ ಕೂಡುಗಳಲ್ಲಿ ಇದೇ ಅತ್ಯುತ್ತಮ. ಕಟ್ಟಲು ಹಿಡಿಯುವ ಅರ್ಧ ಗಂಟೆಯನ್ನು ಮನೆಯಲ್ಲಿ ದೀಪದ ಕೆಳಗೆ ಕೂತು ಕೊಡಬೇಕು, ಹೊಳೆದಂಡೆಯಲ್ಲಲ್ಲ.

ಈಗಿನ ಬಹುಪಾಲು ಲೈನುಗಳ ತುದಿಯಲ್ಲಿ ಕಾರ್ಖಾನೆಯಲ್ಲೇ ಬೆಸೆದ ಕುಣಿಕೆ ಇರುತ್ತದೆ. ಲೀಡರಿನ ಕುಣಿಕೆಯನ್ನು ಅದಕ್ಕೆ ಸಿಕ್ಕಿಸಿದರೆ ಸಾಕು, ನಿಮಿಷದ ಕೆಲಸ. ಆದರೆ ಸಿಕ್ಕಿಸುವುದರಲ್ಲಿ ಸರಿತಪ್ಪು ಇದೆ. ಎರಡು ಕುಣಿಕೆಗಳು ಕೈಕುಲುಕಿದಂತೆ ಪರಸ್ಪರ ಹೆಣೆದು ಚಪ್ಪಟೆಯಾಗಿ ಕೂರಬೇಕು. ಒಂದು ಕುಣಿಕೆ ಮಗುಚಿ ಇನ್ನೊಂದರ ಕುತ್ತಿಗೆಗೆ ಉರುಳಿನಂತೆ ಬಿಗಿದರೆ ಕೂಡು ಉಬ್ಬುತ್ತದೆ, ತೆಳುವಾದದ್ದು ದಪ್ಪದ್ದನ್ನು ಕೊಯ್ಯುತ್ತದೆ. ಎಳೆಯುವ ಮೊದಲು ಒಮ್ಮೆ ಕಣ್ಣಿಟ್ಟು ನೋಡಿದರೆ ತಪ್ಪು ತಪ್ಪುತ್ತದೆ.

ಬ್ಯಾಕಿಂಗಿನ ಗಂಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಣ್ಣ ಟ್ರೌಟ್ ಹಿಡಿಯುವವರಿಗೆ ಆ ಗಂಟು ನೋಡುವ ಪ್ರಸಂಗವೇ ಬರುವುದಿಲ್ಲ. ಫ್ಲಾರಿಡಾದ ಕಡಲಲ್ಲಿ ಟಾರ್ಪನ್ ಬೆನ್ನುಹತ್ತುವವರದು ಬೇರೆ ಪಾಡು; ಅಲ್ಲಿ ಮೀನು ಒಂದೇ ಓಟಕ್ಕೆ ಲೈನು ಮುಗಿಸಿ ಬ್ಯಾಕಿಂಗಿಗೆ ಕೈಹಾಕುತ್ತದೆ. ಅವರು ಸುಮಾರು ಇಪ್ಪತ್ತು ಬಾರಿ ಹುರಿ ಮಾಡಿ ಕಟ್ಟುವ ಬಿಮಿನಿ ಟ್ವಿಸ್ಟ್ ದಾರದ ಬಲವನ್ನು ಬಹುತೇಕ ಪೂರ್ತಿ ಉಳಿಸಿಕೊಳ್ಳುತ್ತದೆ. 1939ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಗಾಳ ಸಂಸ್ಥೆ ಐಜಿಎಫ್ಎ ದಾಖಲೆಗೆ ಮೀನು ಒಪ್ಪಿಕೊಳ್ಳುವಾಗ ಗಂಟನ್ನೂ ಅಳೆಯುತ್ತದೆ: ದಾಖಲೆಯ ಟಿಪ್ಪೆಟ್ ಗಂಟಿನಿಂದ ಗಂಟಿಗೆ ಕನಿಷ್ಠ 15 ಅಂಗುಲ ಇರಬೇಕು, ಹಲ್ಲಿನಿಂದ ಕಾಯುವ ದಪ್ಪ ಎಳೆ ಗಂಟುಗಳೂ ಸೇರಿ 12 ಅಂಗುಲ ಮೀರಬಾರದು.

ಕೊನೆಯ ಗಂಟು ಫ್ಲೈನದು. ದಿನಕ್ಕೆ ಇಪ್ಪತ್ತು ಸಲ ಕಟ್ಟಿ ಕತ್ತರಿಸುವಂಥದ್ದು. ಹೆಚ್ಚಿನವರು ಬಳಸುವ ಕ್ಲಿಂಚ್ ನಾಟಿಗೆ ಐದು ಸುತ್ತು, ಒಂದು ಹನಿ ಎಂಜಲು ಸಾಕು. ಮರಿಮೀನಿನಂತೆ ನೀರೊಳಗೆ ತೊನೆಯಬೇಕಾದ ಫ್ಲೈಗೆ ಲೆಫ್ಟಿ ಕ್ರೇ ಪ್ರಚಾರಕ್ಕೆ ತಂದ, ಜಾರದ ಸಣ್ಣ ಕುಣಿಕೆ ಒಳ್ಳೆಯದು. ಇವುಗಳ ಜೊತೆಗೆ ಬೀಸುವಾಗ ಕೈ ತಪ್ಪಿದರೆ ಟಿಪ್ಪೆಟ್ಟಿನ ನಡುವೆ ತಾನಾಗಿ ಬೀಳುವ ಒಂಟಿ ಗಂಟು ಒಂದಿದೆ. ಗಾಳಿಯ ತಲೆಗೆ ಕಟ್ಟಿ ಅದನ್ನು ವಿಂಡ್ ನಾಟ್ ಎನ್ನುತ್ತಾರೆ, ತಪ್ಪು ಕೈಯದೇ. ಇದು ದಾರದ ಬಲವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಆಗಾಗ ಎರಡು ಬೆರಳ ನಡುವೆ ಟಿಪ್ಪೆಟ್ ಎಳೆದು ನೋಡಿದರೆ ಸಾಸಿವೆಗಿಂತ ಸಣ್ಣ ಉಬ್ಬು ಉಗುರಿಗೆ ತಾಗುತ್ತದೆ.

ಈ ವಿದ್ಯೆಗೂ ನಮ್ಮ ಕರಾವಳಿಗೂ ಒಂದು ಹಳೆಯ ನಂಟಿದೆ. ಭಾರತದ ಗಾಳದ ಬಗ್ಗೆ ಬಂದ ಮೊದಲ ದೊಡ್ಡ ಪುಸ್ತಕ, ಹೆನ್ರಿ ಸಲಿವನ್ ಥಾಮಸ್ ಅವರ 'ದಿ ರಾಡ್ ಇನ್ ಇಂಡಿಯಾ', 1873ರಲ್ಲಿ ಮೊದಲು ಪ್ರಕಟವಾದದ್ದು ಮಂಗಳೂರಿನಲ್ಲಿ. ಥಾಮಸ್ ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದವರು. ಅವರು ಮೆಚ್ಚಿ ಬರೆದ ಮಹಶೀರ್ ಮೀನಿನ ಬಳಗದಲ್ಲಿ ಕಾವೇರಿಯ ಗೂನುಬೆನ್ನಿನ ಜಾತಿಯೂ ಒಂದು. 1946ರಲ್ಲಿ ಮೈಸೂರಿನ ವಾನ್ ಇಂಗನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದಿದ್ದರು. 2018ರಲ್ಲಿ ಆ ಕಾವೇರಿ ಜಾತಿಯನ್ನು ಅತ್ಯಂತ ಅಪಾಯದಂಚಿನ ಪಟ್ಟಿಗೆ ಸೇರಿಸಲಾಯಿತು.

ಹಿಡಿದ ಮೀನನ್ನು ನೀರಿಗೇ ಬಿಡುವ ಪದ್ಧತಿ ಇವತ್ತು ಟ್ರೌಟ್ ನದಿಗಳಲ್ಲೆಲ್ಲ ಹಬ್ಬಿದೆ. ಹಾಗಾಗಿ ಗಂಟಿನ ಹೊಣೆ ಇನ್ನೂ ಹೆಚ್ಚಿದೆ. ಗಂಟು ಜಾರಿದರೆ ಗಾಳ ಹಾಕಿದವರು ಕಳೆದುಕೊಳ್ಳುವುದು ಒಂದು ಫ್ಲೈ; ಮೀನು ಬಾಯಲ್ಲಿ ಕೊಕ್ಕೆ, ಅದರ ಹಿಂದೆ ಮೊಳದುದ್ದ ನೈಲಾನ್ ಹೊತ್ತು ಈಜುತ್ತದೆ. ಗಟ್ ಕೊಳೆಯುತ್ತಿತ್ತು, ನೈಲಾನ್ ಕೊಳೆಯುವುದಿಲ್ಲ. ದಂಡೆಯಲ್ಲಿ ಬಿದ್ದ ತುಂಡು ಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಬಿಡಿಸುವವರು ಯಾರೂ ಇರುವುದಿಲ್ಲ. ಗಾಳ ಹಿಡಿದು ಹೊಳೆಗೆ ಇಳಿಯುವವರು ಪ್ರತಿ ಮೀನಿನ ನಂತರ ಗಂಟನ್ನು ಬೆರಳಲ್ಲಿ ಸವರಿ ನೋಡಿ, ಅನುಮಾನ ಬಂದರೆ ಕತ್ತರಿಸಿ ಹೊಸದಾಗಿ ಕಟ್ಟಿ. ಕತ್ತರಿಸಿದ ತುಂಡನ್ನು ಜೇಬಿಗೆ ಹಾಕಿಕೊಂಡು ಮನೆಗೆ ತನ್ನಿ.